ಮಗಳ ಸಾಫ್ಟ್‌ಬಾಲ್ ತಂಡ ಯಾವ ನ್ಯಾಷನಲ್ಸ್‌ಗೆ ಹೋಗಬೇಕು? ತೂಗಿ ನೋಡುವ ಕ್ರಮ

ಅಮೆರಿಕದಲ್ಲಿ ಮಗಳು ಟ್ರಾವೆಲ್ ಸಾಫ್ಟ್‌ಬಾಲ್ (ಊರೂರಿಗೆ ಹೋಗಿ ಟೂರ್ನಿ ಆಡುವ ಕ್ಲಬ್ ತಂಡಗಳ ಆಟ) ಆಡುತ್ತಿದ್ದರೆ ಒಂದಲ್ಲ ಒಂದು ದಿನ ಕೋಚ್‌ನಿಂದ ಆ ಮೆಸೇಜ್ ಬಂದೇ ಬರುತ್ತದೆ: ಈ ಬೇಸಿಗೆಯಲ್ಲಿ ನಮ್ಮ ತಂಡ ನ್ಯಾಷನಲ್ಸ್‌ಗೆ ಹೋಗುತ್ತಿದೆ, ಹೋಟೆಲ್ ಇಂಥದ್ದು, ನಿಮ್ಮ ಪಾಲಿನ ದುಡ್ಡು ಇಷ್ಟು. ರಣಜಿ ಟ್ರೋಫಿಯ ಸುದ್ದಿ ಓದಿ ಬೆಳೆದ ನಮಗೆ ನ್ಯಾಷನಲ್ಸ್ ಅಂದರೆ ದೇಶಕ್ಕೆಲ್ಲ ಒಂದೇ, ರಾಜ್ಯದಿಂದ ಆಯ್ಕೆಯಾದವರಿಗೆ ಮಾತ್ರ ಎಂಬ ಭಾವನೆ. ಖುಷಿಯಲ್ಲಿ ಹೂಂ ಅಂದುಬಿಡುತ್ತೇವೆ. ಆದರೆ ಇಲ್ಲಿ ಒಂದೇ ಬೇಸಿಗೆಯಲ್ಲಿ, ಒಂದೇ ವಯಸ್ಸಿನ ಹುಡುಗಿಯರಿಗೆ ಹಲವು ನ್ಯಾಷನಲ್ಸ್ ನಡೆಯುತ್ತವೆ. ಕೆಲವಕ್ಕೆ ಗೆದ್ದು ಹೋಗಬೇಕು, ಕೆಲವಕ್ಕೆ ಶುಲ್ಕ ಕಟ್ಟಿದರೆ ಸಾಕು.

ಹಾಗಾದರೆ ಯಾವುದು ದೊಡ್ಡದು ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಯಿಂದ ಅಷ್ಟೇನೂ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ಡಿವಿಷನ್ (ಟೂರ್ನಿಯೊಳಗಿನ ದರ್ಜೆ), ಅಲ್ಲಿಗೆ ಬರುವ ತಂಡಗಳು ಯಾವ ಮಟ್ಟದವು, ನನ್ನ ಮಗಳು ಎಷ್ಟು ಹೊತ್ತು ಮೈದಾನದಲ್ಲಿರುತ್ತಾಳೆ ಎಂಬ ಮೂರನ್ನು ಕೇಳಿದರೆ ಟೂರ್ನಿಯ ನಿಜವಾದ ಬೆಲೆ ಗೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಉತ್ತರಗಳನ್ನು ಹುಡುಕುವುದಕ್ಕಾಗಿ.

ಹಂತ 1: ನಡೆಸುವವರು ಯಾರೆಂದು ತಿಳಿದುಕೊಳ್ಳಿ

ಸಿಬಿಎಸ್‌ಇ, ಐಸಿಎಸ್‌ಇ, ಎಸ್‌ಎಸ್‌ಎಲ್‌ಸಿ ಬೋರ್ಡ್‌ಗಳು ತಮ್ಮ ತಮ್ಮ ಪರೀಕ್ಷೆ ನಡೆಸಿ ತಮ್ಮ ತಮ್ಮ ಫಲಿತಾಂಶ ಕೊಡುವ ಹಾಗೆ, ಇಲ್ಲಿ ಪ್ರತಿ ಸಂಸ್ಥೆಗೂ ತನ್ನದೇ ನಿಯಮ, ತನ್ನದೇ ಚಾಂಪಿಯನ್.

ಎಲ್ಲಕ್ಕಿಂತ ಹಳೆಯದು ಯುಎಸ್‌ಎ ಸಾಫ್ಟ್‌ಬಾಲ್. 1933ರಲ್ಲಿ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಶುರುವಾಗಿ 2017ರಲ್ಲಿ ಈಗಿನ ಹೆಸರು ಪಡೆಯಿತು. ಹಳೆಯ ಕೋಚ್‌ಗಳು ಈಗಲೂ ‘ಎಎಸ್‌ಎ’ ಅನ್ನುವುದು ಇದನ್ನೇ. ಅಮೆರಿಕದ ರಾಷ್ಟ್ರೀಯ ತಂಡವನ್ನು ನೋಡಿಕೊಳ್ಳುವುದೂ ಇದೇ ಸಂಸ್ಥೆ. ಕೇಂದ್ರ ಕಚೇರಿ ಒಕ್ಲಹೋಮ ಸಿಟಿಯಲ್ಲಿ. ಕಾಲೇಜು ಮಹಿಳೆಯರ ವರ್ಲ್ಡ್ ಸೀರೀಸ್ ನಡೆಯುವ ಕ್ರೀಡಾಂಗಣವೂ ಅಲ್ಲೇ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳನ್ನೂ ಅದೇ ಮೈದಾನದಲ್ಲಿ ಆಡಿಸುವುದೆಂದು ತೀರ್ಮಾನವಾಗಿದೆ. ಸಾಫ್ಟ್‌ಬಾಲ್ ಆಡುವ ಹುಡುಗಿಗೆ ಆ ಊರು ನೋಡುವುದೇ ಒಂದು ಸಂಭ್ರಮ.

ಪ್ರೀಮಿಯರ್ ಗರ್ಲ್ಸ್ ಫಾಸ್ಟ್‌ಪಿಚ್, ಅಂದರೆ ಪಿಜಿಎಫ್, ದಕ್ಷಿಣ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಸುತ್ತಮುತ್ತ ನಡೆಸುವ ನ್ಯಾಷನಲ್ಸ್‌ನಿಂದ ಹೆಸರು ಮಾಡಿದೆ. ಅದರ ‘ಪ್ರೀಮಿಯರ್’ ಡಿವಿಷನ್‌ಗೆ ಬರುವುದು ದೇಶದ ಬಲಿಷ್ಠ ಕ್ಲಬ್‌ಗಳು. 2020ರ ಹೊತ್ತಿಗೆ ಹುಟ್ಟಿದ ಅಲಯನ್ಸ್ ಫಾಸ್ಟ್‌ಪಿಚ್ ಬೇರೆ ದಾರಿ ಹಿಡಿಯಿತು: ಪ್ರಾದೇಶಿಕ ಲೀಗ್‌ಗಳನ್ನು ಒಟ್ಟುಗೂಡಿಸಿ, ಅಲ್ಲಿ ಮುಂದೆ ಬಂದ ತಂಡಗಳನ್ನು ಟಿಯರ್‌ಗಳಾಗಿ ವಿಂಗಡಿಸಿ ಬೇಸಿಗೆಯ ಚಾಂಪಿಯನ್‌ಷಿಪ್ ಆಡಿಸುತ್ತದೆ. ಫ್ಲಾರಿಡಾದಲ್ಲಿ ನೆಲೆಯಿರುವ ಯುಎಸ್‌ಎಸ್‌ಎಸ್‌ಎ ವಾರಾಂತ್ಯದ ಸ್ಥಳೀಯ ಟೂರ್ನಿಗಳಿಂದ ಹಿಡಿದು ‘ವರ್ಲ್ಡ್ ಸೀರೀಸ್’ವರೆಗೆ ಬಹಳ ದೊಡ್ಡ ಜಾಲ ಹೊಂದಿದೆ. ಕೊಲರಾಡೊದ ಟ್ರಿಪಲ್ ಕ್ರೌನ್ ಸ್ಪೋರ್ಟ್ಸ್ ಜುಲೈ 4ರ ಆಸುಪಾಸಿನ ‘ಸ್ಪಾರ್ಕ್‌ಲರ್’ಗೆ ಹೆಸರುವಾಸಿ.

ಲಿಟಲ್ ಲೀಗ್ ಸಾಫ್ಟ್‌ಬಾಲ್ ವರ್ಲ್ಡ್ ಸೀರೀಸ್ ಇವುಗಳ ಸಾಲಿಗೆ ಸೇರುವುದಿಲ್ಲ. ಉತ್ತರ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ ನಡೆದು ಟಿವಿಯಲ್ಲಿ ಬರುವ ಆ ಟೂರ್ನಿ, ಊರಿನ ರಿಕ್ರಿಯೇಷನ್ ಲೀಗ್‌ನಿಂದ ಆರಿಸಿದ ಆಲ್‌ಸ್ಟಾರ್ ತಂಡಗಳದ್ದು. ಟ್ರಾವೆಲ್ ಕ್ಲಬ್‌ನ ಲೆಕ್ಕವೇ ಬೇರೆ.

ಹಂತ 2: ಸಂಸ್ಥೆಯ ಹೆಸರು ಬಿಟ್ಟು ಡಿವಿಷನ್ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಪಿಜಿಎಫ್‌ನಲ್ಲಿ ಪ್ರೀಮಿಯರ್ ಇದೆ, ಅದರ ಕೆಳಗೆ ಪ್ಲಾಟಿನಂ ಇದೆ. ಯುಎಸ್‌ಎ ಸಾಫ್ಟ್‌ಬಾಲ್‌ನಲ್ಲಿ ಗೋಲ್ಡ್ ಇದೆ, ಕ್ಲಾಸ್ ‘ಎ’ ಇದೆ, ಅದರ ಕೆಳಗಿನ ಕ್ಲಾಸ್‌ಗಳೂ ಇವೆ. ಕೆಳಗಿನ ಕ್ಲಾಸ್‌ಗಳಿಗೆ ‘ನಾರ್ದರ್ನ್ ನ್ಯಾಷನಲ್’, ‘ಸದರ್ನ್ ನ್ಯಾಷನಲ್’ ಎಂದು ವಲಯವಾರು ಪಂದ್ಯಾವಳಿಗಳು. ಯುಎಸ್‌ಎಸ್‌ಎಸ್‌ಎಯಲ್ಲಿ ‘ಎ’, ‘ಬಿ’, ‘ಸಿ’ ದರ್ಜೆಗಳು. ವರ್ಲ್ಡ್ ಸೀರೀಸ್ ಹೆಸರಿನ ಟೂರ್ನಿ ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ನಡೆಯುತ್ತದೆ. ಹಾಗಾಗಿ ಪಕ್ಕದ ಮನೆಯವರ ಮಗಳು ಪಿಜಿಎಫ್‌ಗೆ ಹೋದಳು, ನಮ್ಮವಳು ಯುಎಸ್‌ಎಸ್‌ಎಸ್‌ಎಗೆ ಹೋದಳು ಎಂದರೆ ಯಾರದು ಹೆಚ್ಚು ಯಾರದು ಕಡಿಮೆ ಎಂದು ಹೇಳಲಾಗದು. ಒಂದರ ಕೆಳಗಿನ ಡಿವಿಷನ್‌ಗಿಂತ ಇನ್ನೊಂದರ ಮೇಲಿನ ಡಿವಿಷನ್ ಎಷ್ಟೋ ಕಠಿಣವಾಗಿರಬಹುದು.

ಮುಂದಿನ ಪ್ರಶ್ನೆ ‘ಬರ್ತ್’, ಅಂದರೆ ನ್ಯಾಷನಲ್ಸ್‌ನಲ್ಲಿ ಆಡುವ ಅರ್ಹತೆ, ಹೇಗೆ ಸಿಕ್ಕಿತು ಎಂಬುದು. ಕ್ವಾಲಿಫೈಯರ್ ಗೆದ್ದೋ, ಲೀಗ್‌ನಲ್ಲಿ ಮೇಲಿನ ಸ್ಥಾನ ಪಡೆದೋ ಸಿಕ್ಕಿದ್ದರೆ ಎದುರಾಳಿಗಳೂ ಹಾಗೇ ಬಂದವರು. ಗೆದ್ದ ತಂಡಕ್ಕೆ ಈಗಾಗಲೇ ಬರ್ತ್ ಇದ್ದರೆ ಅದು ಮುಂದಿನ ತಂಡಕ್ಕೆ ಇಳಿದು ಬರುವ ಪದ್ಧತಿಯೂ ಉಂಟು. ಅದರಲ್ಲಿ ತಪ್ಪೇನಿಲ್ಲ, ಆದರೆ ತಿಳಿದಿರಬೇಕು. ಯಾವ ತಂಡ ಬೇಕಾದರೂ ಹೆಸರು ಕೊಡಬಹುದಾದರೆ ಅದು ಮುಕ್ತ ಟೂರ್ನಿ. ಅಲ್ಲಿ ಬಲಿಷ್ಠ ತಂಡ, ಹೊಸ ತಂಡ ಎಲ್ಲ ಒಟ್ಟಿಗೆ ಬರುತ್ತವೆ.

ಇದನ್ನು ಪರೀಕ್ಷಿಸಲು ಕೋಚ್‌ನ ಮಾತನ್ನೇ ನಂಬಿ ಕೂರಬೇಕಿಲ್ಲ. ಕಳೆದ ವರ್ಷದ ಅದೇ ಟೂರ್ನಿಯ, ಅದೇ ಡಿವಿಷನ್ನಿನ ಬ್ರಾಕೆಟ್ (ಯಾರು ಯಾರ ಎದುರು ಆಡಿದರು ಎಂಬ ನಾಕೌಟ್ ಪಟ್ಟಿ) ಸಾಮಾನ್ಯವಾಗಿ ಆನ್‌ಲೈನಲ್ಲಿ ಸಿಗುತ್ತದೆ. ಒಂದು ಸಂಜೆ ಕೂತು ಮೊದಲ ದಿನದ ಸ್ಕೋರ್‌ಗಳನ್ನು ಓದಿ. 4–3, 5–2, 2–1 ಎಂಬಂಥವೇ ಹೆಚ್ಚಿದ್ದರೆ ತಂಡಗಳು ಸರಿಸಮ. 14–0, 12–1 ಸಾಲು ಸಾಲಾಗಿ ಕಂಡರೆ ಅಂತರ ದೊಡ್ಡದು, ನಿಮ್ಮ ತಂಡ ಯಾವ ಬದಿಯಲ್ಲಿರುತ್ತದೆ ಎಂದು ಯೋಚಿಸಿ. ಆಮೇಲೆ ನಿಮ್ಮ ತಂಡ ಈ ವರ್ಷ ಎದುರಿಸಿದ ಒಂದೆರಡು ತಂಡಗಳ ಹೆಸರು ಆ ಬ್ರಾಕೆಟ್‌ನಲ್ಲಿದೆಯೇ ನೋಡಿ. ನಿಮ್ಮನ್ನು 9–1ರಿಂದ ಸೋಲಿಸಿದ ತಂಡ ಅಲ್ಲಿ ಎರಡೇ ಆಟಕ್ಕೆ ಹೊರಬಿದ್ದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಹಂತ 3: ಎಷ್ಟು ಆಟ ಖಚಿತ ಎಂದು ಲೆಕ್ಕ ಹಾಕಿ

‘ಡಬಲ್ ಎಲಿಮಿನೇಷನ್’ ಎಂದರೆ ಎರಡು ಸಲ ಸೋತರೆ ಮನೆಗೆ. ಕೇಳಲು ಉದಾರವಾಗಿದೆ. ಕಾಗದದ ಮೇಲೆ ಬಿಡಿಸಿ ನೋಡಿ. 32 ತಂಡಗಳಿವೆ ಎಂದುಕೊಳ್ಳೋಣ. ಮೊದಲ ಸುತ್ತಿನಲ್ಲಿ 16 ತಂಡ ಸೋತು ಕೆಳಗಿನ ಬ್ರಾಕೆಟ್‌ಗೆ ಬರುತ್ತವೆ. ಆ 16 ತಮ್ಮತಮ್ಮಲ್ಲೇ ಆಡಿದಾಗ 8 ತಂಡ ಎರಡೇ ಆಟಕ್ಕೆ ಹೊರಗೆ. ಉಳಿದ 8ಕ್ಕೆ ಮೇಲಿನಿಂದ ಎರಡನೇ ಸುತ್ತಿನಲ್ಲಿ ಸೋತ 8 ತಂಡ ಎದುರಾಗುತ್ತವೆ. ಅಲ್ಲಿ ಇನ್ನೂ 8 ಹೊರಗೆ, ಮೂರು ಆಟಕ್ಕೆ. ಒಟ್ಟು 16. ಅಂದರೆ ಬಂದ ತಂಡಗಳಲ್ಲಿ ಅರ್ಧದಷ್ಟು ಮೂರು ಅಥವಾ ಅದಕ್ಕಿಂತ ಕಡಿಮೆ ಆಟವಾಡಿ ಬ್ಯಾಗ್ ಕಟ್ಟುತ್ತವೆ. 64 ತಂಡಗಳಿದ್ದರೂ ಇದೇ ಪಾಲು.

ಆದ್ದರಿಂದ ಬ್ರಾಕೆಟ್‌ಗೆ ಮುಂಚೆ ಪೂಲ್ ಆಟಗಳಿವೆಯೇ (ಸೋತರೂ ಹೊರಬೀಳದ ಗುಂಪು ಹಂತದ ಆಟಗಳು), ಎಷ್ಟು ಎಂಬುದು ಬಹಳ ಮುಖ್ಯ. ಮೂರು ಪೂಲ್ ಆಟ, ಅದರ ಮೇಲೆ ಡಬಲ್ ಎಲಿಮಿನೇಷನ್ ಅಂದರೆ ಕನಿಷ್ಠ ಐದು ಆಟ ಖಚಿತ. ಮೂರು ಪೂಲ್ ಆಟದ ಮೇಲೆ ಸಿಂಗಲ್ ಎಲಿಮಿನೇಷನ್ ಅಂದರೆ ನಾಲ್ಕು. ಪೂಲ್‌ನಲ್ಲಿ ಚೆನ್ನಾಗಿ ಆಡದ ತಂಡಗಳನ್ನು ಬೇರೆ ಬ್ರಾಕೆಟ್‌ಗೆ ಹಾಕಿ ಅಲ್ಲಿಯೂ ಒಬ್ಬ ಚಾಂಪಿಯನ್ ಆಗುವಂತೆ ಮಾಡುವ ಟೂರ್ನಿಗಳಿವೆ. ಮಧ್ಯಮ ಮಟ್ಟದ ತಂಡಕ್ಕೆ ಇದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು: ಕೊನೆಯ ದಿನದವರೆಗೂ ಹುಡುಗಿಯರ ಕಣ್ಣಲ್ಲಿ ಆಸೆ ಇರುತ್ತದೆ.

ಸಮಯದ ಮಿತಿಯನ್ನೂ ಕೇಳಿ. ಏಳು ಇನ್ನಿಂಗ್ಸ್ ಆಟ ಎಂಬುದು ಪುಸ್ತಕದ ಮಾತು; ಎಷ್ಟೋ ಟೂರ್ನಿಗಳಲ್ಲಿ ಗಡಿಯಾರ ನೋಡಿ ಆಟ ಮುಗಿಸುತ್ತಾರೆ. ಒಂದೂಕಾಲು ಗಂಟೆಯ ಮಿತಿಯಲ್ಲಿ ನಾಲ್ಕು ಇನ್ನಿಂಗ್ಸ್ ಆದರೆ, ಬ್ಯಾಟಿಂಗ್ ಸರದಿಯಲ್ಲಿ ಎಂಟನೆಯವಳಾದ ಹುಡುಗಿಗೆ ಒಂದು ಸಲವೋ ಎರಡು ಸಲವೋ ಬ್ಯಾಟ್ ಸಿಗುತ್ತದೆ ಅಷ್ಟೆ.

ಹಂತ 4: ಪಿಚರ್ ಎಷ್ಟು ಜನ, ನಿಮ್ಮ ಮಗಳು ಎಷ್ಟು ಹೊತ್ತು ಆಡುತ್ತಾಳೆ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಇದು ಮಗುವಿನ ಮೈಗೆ ಸಂಬಂಧಿಸಿದ ಸಂಗತಿ. ಬೇಸ್‌ಬಾಲ್‌ನಲ್ಲಿ ಮಕ್ಕಳಿಗೆ ದಿನಕ್ಕೆ ಇಷ್ಟೇ ಎಸೆತ ಎಂಬ ಮಿತಿ ಇರುತ್ತದೆ. ಟ್ರಾವೆಲ್ ಸಾಫ್ಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಅಂಥ ಮಿತಿ ಇಲ್ಲ. ಕೈಯನ್ನು ಪೂರ್ತಿ ಸುತ್ತು ತಿರುಗಿಸಿ ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಪೆಟ್ಟಿಲ್ಲ ಎಂಬ ನಂಬಿಕೆ ತಲೆಮಾರುಗಳಿಂದ ಬಂದಿದೆ. ಅದು ನಿಜವಲ್ಲ. ಅತಿಯಾದ ಎಸೆತದಿಂದ ಭುಜ, ಮುಂಗೈ, ಬೆನ್ನು ನೋಯಿಸಿಕೊಂಡ ಸಾಫ್ಟ್‌ಬಾಲ್ ಪಿಚರ್‌ಗಳನ್ನು ಕ್ರೀಡಾ ವೈದ್ಯರು ದಿನವೂ ನೋಡುತ್ತಾರೆ.

ಡಬಲ್ ಎಲಿಮಿನೇಷನ್‌ನ ಕೆಳಗಿನ ಬ್ರಾಕೆಟ್‌ಗೆ ಬಿದ್ದ ತಂಡದ ದಿನವನ್ನು ಒಮ್ಮೆ ಊಹಿಸಿಕೊಳ್ಳಿ. ಬೆಳಗ್ಗೆ ಎಂಟಕ್ಕೆ ಒಂದು ಆಟ. ಗೆದ್ದರೆ ಹನ್ನೊಂದಕ್ಕೆ ಇನ್ನೊಂದು. ಗೆದ್ದರೆ ಎರಡೂವರೆಗೆ ಮತ್ತೊಂದು. ತಂಡದಲ್ಲಿ ನಂಬಿಕಸ್ಥ ಪಿಚರ್ ಇಬ್ಬರೇ ಇದ್ದು, ಒಬ್ಬಳು ಹಿಂದಿನ ದಿನವೇ ದಣಿದಿದ್ದರೆ ಉಳಿದವಳು ಆ ಮೂರನ್ನೂ ಎಸೆಯಬೇಕಾಗುತ್ತದೆ. ಆಚೆ ಕ್ಯಾಚರ್ ಹುಡುಗಿ ಹೆಲ್ಮೆಟ್, ಎದೆಕವಚ, ಕಾಲುಕವಚ ಹಾಕಿಕೊಂಡು ಅಷ್ಟು ಹೊತ್ತೂ ಕುಕ್ಕರಗಾಲಲ್ಲಿ ಕೂತಿರುತ್ತಾಳೆ. ಎರಡು ಆಟಗಳ ನಡುವೆ ಅವಳ ಕತ್ತಿಗೆ ಐಸ್ ಟವೆಲ್ ಹಾಕುವ ಅಮ್ಮಂದಿರನ್ನು ಕೇಳಿದರೆ ಸಾಕು, ಗೆಲುವಿನ ಬೆಲೆ ಏನೆಂದು ಗೊತ್ತಾಗುತ್ತದೆ. ತಂಡದಲ್ಲಿ ಕನಿಷ್ಠ ಮೂವರು ಪಿಚರ್, ಇಬ್ಬರು ಕ್ಯಾಚರ್ ಇಲ್ಲದಿದ್ದರೆ ಒಂದೇ ದಿನ ಹೆಚ್ಚು ಆಟ ತುಂಬುವ ಟೂರ್ನಿಗಿಂತ, ಆಟಗಳನ್ನು ಐದಾರು ದಿನಕ್ಕೆ ಹರಡುವ ಟೂರ್ನಿಯೇ ಮೇಲು. ರಜೆ ಒಂದೆರಡು ದಿನ ಹೆಚ್ಚು ಹಾಕಬೇಕಾದರೂ ಸರಿ.

ನಿಮ್ಮ ಮಗಳು ಪಿಚರ್ ಅಲ್ಲದಿದ್ದರೆ ಕೇಳಬೇಕಾದ್ದು ಬೇರೆ. ಪೂಲ್ ಆಟಗಳಲ್ಲಿ ಎಲ್ಲರಿಗೂ ಅವಕಾಶ ಕೊಟ್ಟು, ಬ್ರಾಕೆಟ್ ಬಂದೊಡನೆ ಒಂಬತ್ತೇ ಜನರನ್ನು ಆಡಿಸುವ ಕೋಚ್‌ಗಳು ಬಹಳ. ಕೆಲವು ತಂಡಗಳು ನ್ಯಾಷನಲ್ಸ್‌ಗೆಂದೇ ಬೇರೆ ಕ್ಲಬ್‌ನಿಂದ ‘ಗೆಸ್ಟ್ ಪ್ಲೇಯರ್’ಗಳನ್ನು ಕರೆತರುತ್ತವೆ. ಕ್ವಾಲಿಫೈಯರ್‌ನಲ್ಲಿ ಬೆವರು ಸುರಿಸಿದ ಹುಡುಗಿ ನ್ಯಾಷನಲ್ಸ್‌ನಲ್ಲಿ ಬೆಂಚ್ ಮೇಲೆ ಕೂತರೆ ಅವಳಿಗೆ ಆಗುವ ಬೇಸರ ಸಣ್ಣದಲ್ಲ. ರೋಸ್ಟರ್‌ಗೆ (ತಂಡದ ಆಟಗಾರ್ತಿಯರ ಪಟ್ಟಿಗೆ) ಹೆಸರು ಸೇರಿಸಲು ಕೊನೆಯ ದಿನ ಯಾವುದು, ಹೊರಗಿನವರನ್ನು ಸೇರಿಸುವ ಯೋಚನೆ ಇದೆಯೇ ಎಂದು ಮೊದಲೇ ಕೇಳಿ. ಗೌರವದಿಂದ ಕೇಳಿದರೆ ಯಾವ ಒಳ್ಳೆಯ ಕೋಚೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 5: ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳುವ ವಿಚಾರ

ಚಾಂಪಿಯನ್‌ಷಿಪ್ ಬೇರೆ, ಶೋಕೇಸ್ ಬೇರೆ. ಶೋಕೇಸ್‌ನಲ್ಲಿ ಗೆದ್ದವರಿಗೆ ಕಪ್ ಇಲ್ಲ. ನಿಗದಿತ ಸಂಖ್ಯೆಯ ಆಟ ಎಲ್ಲರಿಗೂ ಸಿಗುತ್ತದೆ, ಸುತ್ತ ಕುರ್ಚಿ ಹಾಕಿಕೊಂಡು ಕಾಲೇಜು ಕೋಚ್‌ಗಳು ನೋಡುತ್ತಿರುತ್ತಾರೆ. ಕೊಲರಾಡೊದ ಜುಲೈ ಟೂರ್ನಿಗಳ ಆಕರ್ಷಣೆ ಇದೇ.

10ಯು, 12ಯು (ಹತ್ತು, ಹನ್ನೆರಡು ವರ್ಷದೊಳಗಿನ ವಿಭಾಗ) ಮಕ್ಕಳ ಪೋಷಕರಿಗೆ ‘ಕಾಲೇಜಿನವರು ನೋಡುತ್ತಾರೆ’ ಎಂದು ಯಾರಾದರೂ ಹೇಳಿದರೆ ಅದಕ್ಕೆಂದೇ ವಿಮಾನ ಹತ್ತಬೇಡಿ. 2018ರಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎಯ ನಿಯಮ ಬದಲಾಗಿ, ಡಿವಿಷನ್ 1ರ (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಸಾಫ್ಟ್‌ಬಾಲ್ ಕೋಚ್‌ಗಳು ಹುಡುಗಿ 11ನೇ ತರಗತಿಗೆ ಬಂದ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಅವಳೊಂದಿಗೆ ಸೇರ್ಪಡೆಯ ಮಾತನಾಡುವಂತಿಲ್ಲ. 14ಯು ಕೊನೆಯಿಂದ ನೋಡಲು ಶುರು ಮಾಡುತ್ತಾರೆ, 16ಯು ಮತ್ತು 18ಯುನಲ್ಲಿ ಅದು ನಿಜವಾಗಿ ಮುಖ್ಯವಾಗುತ್ತದೆ. ಜೊತೆಗೆ 2025–26ರಿಂದ, ಆಟಗಾರರಿಗೆ ನೇರವಾಗಿ ಹಣ ಕೊಡುವ ಹೊಸ ಒಪ್ಪಂದಕ್ಕೆ ಸೇರಿದ ಡಿವಿಷನ್ 1 ಕಾಲೇಜುಗಳಲ್ಲಿ ಸಾಫ್ಟ್‌ಬಾಲ್ ತಂಡಕ್ಕೆ 25 ಆಟಗಾರ್ತಿಯರ ಮಿತಿ ಬಂದಿದೆ. ಓದಿಗೆ ಪ್ರಾಶಸ್ತ್ಯ ಕೊಡುವ ನಮ್ಮ ಮನೆಗಳಲ್ಲಿ ಡಿವಿಷನ್ 3 ಕಾಲೇಜುಗಳನ್ನೂ ಪಟ್ಟಿಗೆ ಸೇರಿಸುವುದು ಒಳ್ಳೆಯದು. ಅಲ್ಲಿ ಆಟಕ್ಕೆಂದು ಸ್ಕಾಲರ್‌ಷಿಪ್ ಇಲ್ಲ, ಆದರೆ ಓದು ಮತ್ತು ಆಟ ಎರಡನ್ನೂ ತೂಗಿಸಿಕೊಂಡು ಹೋಗುವ ಅವಕಾಶ ಚೆನ್ನಾಗಿದೆ.

ಯಾವ ಕಾಲೇಜಿನ ಕೋಚ್ ಬರಬೇಕೆಂಬ ಆಸೆ ಇದೆಯೋ ಅವರಿಗೆ ಮಗಳೇ ಇಮೇಲ್ ಬರೆಯಲಿ: ಟೂರ್ನಿಯ ಹೆಸರು, ತಂಡ, ಜೆರ್ಸಿ ಸಂಖ್ಯೆ, ಆಡುವ ಜಾಗ, ಮೈದಾನ ಮತ್ತು ಸಮಯ. ಅಪ್ಪ–ಅಮ್ಮ ಬರೆದ ಇಮೇಲ್ ದೂರದಿಂದಲೇ ಗೊತ್ತಾಗುತ್ತದೆ.

ಹಂತ 6: ಊರು, ಬಿಸಿಲು, ದುಡ್ಡು

ಖರ್ಚನ್ನು ಒಟ್ಟು ಮೊತ್ತವಾಗಿ ನೋಡಿದರೆ ಹೋಲಿಕೆ ಆಗುವುದಿಲ್ಲ, ಖಚಿತವಾದ ಆಟಗಳಿಂದ ಭಾಗಿಸಿ ನೋಡಬೇಕು. ರೀತಿ ತೋರಿಸಲು ಊಹೆಯ ಅಂಕಿಗಳನ್ನೇ ಹಾಕುತ್ತೇನೆ. ಡಲ್ಲಾಸ್‌ನ ನಾಲ್ವರ ಕುಟುಂಬ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೊರಟಿದೆ ಎನ್ನಿ: ವಿಮಾನ 1,400 ಡಾಲರ್, ಆರು ರಾತ್ರಿ ಹೋಟೆಲ್ 1,300, ಬಾಡಿಗೆ ಕಾರು 450, ಊಟ ತಿಂಡಿ 600, ಗೇಟ್ ಮತ್ತು ಪಾರ್ಕಿಂಗ್ 150, ತಂಡದ ಪ್ರವೇಶ ಶುಲ್ಕದಲ್ಲಿ ನಿಮ್ಮ ಪಾಲು 150. ಒಟ್ಟು 4,050. ಐದು ಆಟ ಖಚಿತವಾದರೆ ಆಟಕ್ಕೆ 810. ಅದೇ ಕುಟುಂಬ ಮೂರು ಗಂಟೆ ಕಾರು ಓಡಿಸಿ ಒಕ್ಲಹೋಮ ಸಿಟಿಗೆ ಹೋದರೆ: ನಾಲ್ಕು ರಾತ್ರಿ ಹೋಟೆಲ್ 650, ಪೆಟ್ರೋಲ್ 100, ಊಟ 400, ಗೇಟ್ 100, ಪಾಲು 150. ಒಟ್ಟು 1,400, ನಾಲ್ಕು ಆಟ ಖಚಿತವಾದರೆ ಆಟಕ್ಕೆ 350. ಮಗಳು ಆಟದ ಅರ್ಧದಷ್ಟು ಹೊತ್ತು ಮಾತ್ರ ಆಡುವವಳಾದರೆ ಎರಡನ್ನೂ ದುಪ್ಪಟ್ಟು ಮಾಡಿ. ಈ ಲೆಕ್ಕ ಹಾಕಿದ ಮೇಲೂ ಸಮುದ್ರ ನೋಡಿಕೊಂಡು ಬರೋಣ ಅನ್ನಿಸಿದರೆ ಸಂತೋಷವಾಗಿ ಹೋಗಿ, ಅದು ಕುಟುಂಬದ ಪ್ರವಾಸದ ಖಾತೆಗೆ ಸೇರಲಿ.

ನಮ್ಮವರಿಗೆ ವಿಶೇಷವಾಗಿ ತಟ್ಟುವುದು ‘ಸ್ಟೇ ಟು ಪ್ಲೇ’ ನಿಯಮ. ಟೂರ್ನಿಯವರು ಹೇಳಿದ ಹೋಟೆಲ್‌ನಲ್ಲೇ ಉಳಿದರೆ ಮಾತ್ರ ತಂಡಕ್ಕೆ ಪ್ರವೇಶ. ಅರ್ವೈನ್‌ನಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಅವನ ಮನೆಯಲ್ಲಿ ಉಳಿಯೋಣ ಎಂದುಕೊಂಡಿದ್ದರೆ ಆ ಉಳಿತಾಯ ಕೈತಪ್ಪುತ್ತದೆ. ಹತ್ತಿರದ ಊರಿನ ತಂಡಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಕೆಲವೆಡೆ ತಂಡದ ಇಷ್ಟು ಕೊಠಡಿ ಆದರೆ ಸಾಕು ಎನ್ನುತ್ತಾರೆ. ತಂಡದ ಮ್ಯಾನೇಜರ್‌ಗೆ ಹೇಳಿಯೇ ತೀರ್ಮಾನಿಸಿ, ಒಬ್ಬರು ಬುಕಿಂಗ್ ರದ್ದು ಮಾಡಿದರೆ ಇಡೀ ತಂಡಕ್ಕೆ ತೊಂದರೆ.

ಹವೆ ಬಗ್ಗೆ: ಫ್ಲಾರಿಡಾ, ಒಕ್ಲಹೋಮ, ಟೆಕ್ಸಸ್‌ನಲ್ಲಿ ಜುಲೈ ಬಿಸಿಲು ಬಹಳ ಜೋರು. ಹಂಟಿಂಗ್ಟನ್ ಬೀಚ್ ಕಡಲ ಗಾಳಿಯಿಂದ ತಂಪು. ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತದೆ, ಪಿಚರ್‌ನ ಚೆಂಡು ಎಂದಿನಷ್ಟು ತಿರುಗುವುದಿಲ್ಲ. ಮೊದಲ ದಿನ ಮಗಳ ಎಸೆತ ಕೈಕೊಟ್ಟರೆ ಇದನ್ನು ಅವಳಿಗೆ ನೆನಪಿಸಿ. ಫ್ಲಾರಿಡಾ ಮತ್ತು ಕೊಲರಾಡೊ ಎರಡರಲ್ಲೂ ಮಧ್ಯಾಹ್ನ ಗುಡುಗು ಮಿಂಚು ಸಾಮಾನ್ಯ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು, ನಡುವೆ ಇನ್ನೊಂದು ಗುಡುಗಿದರೆ ಮತ್ತೆ 30. ಸಂಜೆ ಆರರ ಆಟ ರಾತ್ರಿ ಹತ್ತಕ್ಕೆ ಶುರುವಾಗುವುದು ಹೀಗೆ. ಊರಿನಿಂದ ಬಂದ ಅಜ್ಜ–ಅಜ್ಜಿಯನ್ನು ಕರೆದೊಯ್ಯುವುದಾದರೆ ನೆರಳಿಗೆ ಕ್ಯಾನೊಪಿ ಹಾಕಲು ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿ.

ಸ್ನ್ಯಾಕ್ ಬಾರ್‌ನಲ್ಲಿ ಸಸ್ಯಾಹಾರಿಗಳಿಗೆ ನಾಚೋಸ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಕೂಲರ್‌ನಲ್ಲಿ ಮೊಸರನ್ನ, ಪಕ್ಕದ ಡಬ್ಬಿಯಲ್ಲಿ ಚಿತ್ರಾನ್ನ ಇದ್ದರೆ ಇಡೀ ದಿನ ನಿಶ್ಚಿಂತೆ. ಸುಲಿದ ಕಿತ್ತಳೆ, ಉಪ್ಪು ಹಾಕಿದ ನಿಂಬೆ ಪಾನಕಕ್ಕೆ ತಂಡದ ಉಳಿದ ಹುಡುಗಿಯರೂ ಕೈ ಚಾಚುತ್ತಾರೆ, ಸ್ವಲ್ಪ ಹೆಚ್ಚೇ ಇರಲಿ.

ಹಂತ 7: ನಿಯಮಪುಸ್ತಕದ ಸಣ್ಣ ವಿಷಯಗಳು

ವಯಸ್ಸಿನ ಲೆಕ್ಕಕ್ಕೆ ಯಾವ ತಾರೀಖು ಹಿಡಿಯುತ್ತಾರೆ ಎಂಬುದನ್ನು ಆ ವರ್ಷದ ನಿಯಮದಲ್ಲೇ ನೋಡಿ. ಒಂದು ದಿನದ ಅಂತರದಲ್ಲಿ ಡಿವಿಷನ್ ಬದಲಾಗಬಹುದು. ಬ್ಯಾಟ್ ಮೇಲಿನ ಮುದ್ರೆ ಆ ಸಂಸ್ಥೆ ಒಪ್ಪುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ. ದೊಡ್ಡ ಟೂರ್ನಿಗಳಲ್ಲಿ ಬ್ಯಾಟ್ ಪರೀಕ್ಷೆ ಮಾಡುವುದುಂಟು, ಹೊರಗೆ ಹಾಕಿದರೆ ಇರಲಿ ಎಂದು ಎರಡನೇ ಬ್ಯಾಟ್ ಒಯ್ಯಿರಿ. 10ಯು ಆಟಕ್ಕೆ 11 ಇಂಚಿನ ಚೆಂಡು, 35 ಅಡಿಯಿಂದ ಪಿಚಿಂಗ್. 12ಯುಗೆ 12 ಇಂಚಿನ ಚೆಂಡು, 40 ಅಡಿ. 14ಯುನಿಂದ 43 ಅಡಿ. ಮೇಲಿನ ವಯಸ್ಸಿಗೆ ‘ಆಡಿ ನೋಡಲಿ’ ಎಂದು ಕಳಿಸುವ ಮುನ್ನ ಈ ವ್ಯತ್ಯಾಸ ಗಮನದಲ್ಲಿರಲಿ.

ಜನನ ಪ್ರಮಾಣಪತ್ರ ಕೇಳುತ್ತಾರೆ. ಮಗಳು ಭಾರತದಲ್ಲಿ ಹುಟ್ಟಿದ್ದು, ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲದಿದ್ದರೆ ಅಥವಾ ಇನಿಷಿಯಲ್ ಬೇರೆ ರೀತಿ ಇದ್ದರೆ, ಪಾಸ್‌ಪೋರ್ಟ್ ಪ್ರತಿ ನಡೆಯುತ್ತದೆಯೇ ಎಂದು ತಿಂಗಳ ಮುಂಚೆಯೇ ಮ್ಯಾನೇಜರ್ ಬಳಿ ಕೇಳಿ.

ಹಂತ 8: ಯಾವಾಗ ಕೇಳಬೇಕು

ಟ್ರಾವೆಲ್ ತಂಡಗಳ ಟ್ರೈಔಟ್ (ಆಟಗಾರ್ತಿಯರ ಆಯ್ಕೆ) ಹೆಚ್ಚಾಗಿ ಆಗಸ್ಟ್‌ನಲ್ಲಿ, ನ್ಯಾಷನಲ್ಸ್ ಮುಗಿದ ಬೆನ್ನಿಗೇ ನಡೆಯುತ್ತದೆ. ಈ ಪ್ರಶ್ನೆಗಳನ್ನು ಕೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ತಂಡ ಸೇರಿ, ಹಣ ಕಟ್ಟಿ, ಏಪ್ರಿಲ್‌ನಲ್ಲಿ ಕೇಳಿದರೆ ಉತ್ತರ ಏನೇ ಬಂದರೂ ನೀವು ಮಾಡುವಂಥದ್ದು ಕಡಿಮೆ. ಮುಂದಿನ ಬೇಸಿಗೆ ಯಾವ ಸಂಸ್ಥೆಯ ಯಾವ ಡಿವಿಷನ್ ಗುರಿ, ಬರ್ತ್ ಸಿಗದಿದ್ದರೆ ಬದಲಿ ಏನು, ಬ್ರಾಕೆಟ್‌ನಲ್ಲಿ ಆಟದ ಹಂಚಿಕೆ ಹೇಗೆ, ಪಿಚರ್ ಎಷ್ಟು ಜನ ಇರುತ್ತಾರೆ ಎಂದು ನಾಲ್ಕೇ ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ. ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗೆಳತಿಯರ ಜೊತೆ ಹೋಟೆಲ್ ಈಜುಕೊಳದಲ್ಲಿ ಕಳೆಯುವ ಸಂಜೆಯೇ ಅವಳಿಗೆ ದೊಡ್ಡದಾಗಿದ್ದರೆ ಅದೂ ಒಂದು ಉತ್ತರವೇ. ಅಂಥ ಮಗುವಿಗೆ ಹತ್ತಿರದ ವಲಯ ಮಟ್ಟದ ಟೂರ್ನಿ ಸಾಕು, ಚೆನ್ನ ಕೂಡ.

ಊರಿಗೆ ಹೋಗುವ ಟಿಕೆಟ್ ಮಾತು ಬರುವುದು ಇಲ್ಲೇ. ಶಾಲೆಗೆ ರಜೆ ಇರುವ ಜೂನ್, ಜುಲೈಯೇ ಕ್ವಾಲಿಫೈಯರ್ ಮತ್ತು ನ್ಯಾಷನಲ್ಸ್ ಕಾಲ. ಟೆಕ್ಸಸ್, ಜಾರ್ಜಿಯಾದಂಥ ರಾಜ್ಯಗಳಲ್ಲಿ ಆಗಸ್ಟ್ ಆರಂಭದಲ್ಲೋ ನಡುವಿನಲ್ಲೋ ಶಾಲೆ ತೆರೆಯುವುದರಿಂದ ತಡವಾಗಿ ನಡೆಯುವ ನ್ಯಾಷನಲ್ಸ್ ಮುಗಿಸಿ ಬೆಂಗಳೂರಿಗೆ ಹೋಗಿ ಬರಲು ದಿನ ಉಳಿಯುವುದಿಲ್ಲ. ಆ ವರ್ಷ ಮದುವೆ, ಉಪನಯನ, ಅಜ್ಜನ ಎಂಬತ್ತರ ಶಾಂತಿ ಏನಾದರೂ ಇದ್ದರೆ ಟ್ರೈಔಟ್ ದಿನವೇ ಕೋಚ್‌ಗೆ ಹೇಳಿ, ಡಿಸೆಂಬರ್ ರಜೆಗೆ ಹೊಂದಿಸಲಾಗುತ್ತದೆಯೇ ಎಂದು ಮನೆಯವರನ್ನೂ ಕೇಳಿ. ಎರಡೂ ಕಡೆಯ ತಾರೀಖು ಗೊತ್ತಾದ ಮೇಲೆ ಟಿಕೆಟ್ ಮಾಡಿಸಿ.